ಎಲ್ಲರೂ ನಗುತ್ತಾರೆ, ಯಾರೂ ಮನೆಗೆ ಕರೆಯುವುದಿಲ್ಲ

ಪ್ರಶ್ನೆ: ನಾನು ಕಲಬುರಗಿಯವಳು, ವಯಸ್ಸು 36. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ. ಅವರಿಗೆ ಕುಂದಾಪುರಕ್ಕೆ ವರ್ಗವಾಗಿ ಈ ಜೂನ್‌ನಲ್ಲಿ ಇಲ್ಲಿಗೆ ಬಂದೆವು. ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಗಣಿತ ಕಲಿಸುತ್ತಿದ್ದೆ, ಅದನ್ನು ಬಿಟ್ಟು ಬಂದೆ. ಮಗ ನಾಲ್ಕನೇ ಕ್ಲಾಸ್. ನಾಲ್ಕು ತಿಂಗಳಾಯಿತು. ಇಲ್ಲಿಯ ಜನ ಕೆಟ್ಟವರಲ್ಲ. ಕಂಡರೆ ನಗುತ್ತಾರೆ, 'ಊಟ ಆಯ್ತಾ' ಎನ್ನುತ್ತಾರೆ. ಅಷ್ಟೇ. ಒಬ್ಬರೂ ಮನೆಗೆ ಬಂದಿಲ್ಲ, ಒಬ್ಬರೂ ಕರೆದಿಲ್ಲ. ನಾನು ಹತ್ತಿರ ಹೋದರೆ ಅವರವರ ಮಾತು ನಿಂತುಹೋಗುತ್ತದೆ. ನನ್ನ ಜೊತೆ ಪುಸ್ತಕ ಓದಿದ ಹಾಗೆ ಮಾತಾಡುತ್ತಾರೆ. ಬಂದ ವಾರವೇ ಪಕ್ಕದ ಮನೆಯ ಹಿರಿಯರೊಬ್ಬರು 'ನೀವು ಎಂತ ಜನ?' ಅಂತ ಕೇಳಿದರು. ಮಗ ಆಗಲೇ ಇಲ್ಲಿಯ ಮಾತು ಕಲಿತಿದ್ದಾನೆ. ಅಂಗಡಿಯಲ್ಲಿ ನಾನು ಬಾಯಿ ಬಿಟ್ಟರೆ 'ಅಮ್ಮ, ಹಂಗ ಅನಬ್ಯಾಡ, ಎಲ್ಲಾರೂ ನಗ್ತಾರ' ಅಂತ ಸೆರಗು ಜಗ್ಗುತ್ತಾನೆ. ಯಜಮಾನರನ್ನು ಕೇಳಿದರೆ 'ಮೂರು ವರ್ಷ ಅಲ್ವಾ, ಹೊಂದ್ಕೊಂಡು ಹೋಗು' ಅನ್ನುತ್ತಾರೆ. ಸಂಜೆ ಮಳೆ ಹಿಡಿದರೆ ಸುಮ್ನೆ ಅಳು ಬರುತ್ತದೆ. ನನ್ನ ಸ್ವಭಾವದಲ್ಲೇ ದೋಷ ಇದೆಯಾ? ಈ ಊರಿನವರೇ ಹೀಗಾ? ಮೊನ್ನೆ ಎದುರು ಮನೆಯವರು ಮಗಳ ಮದುವೆ ಕಾಗದ ಗೇಟಿನಲ್ಲೇ ಕೊಟ್ಟು ಹೋದರು. ಹೋಗಬೇಕಾ, ಬಿಡಬೇಕಾ? ಮಗನನ್ನು ಕರೆದುಕೊಂಡು ಕಲಬುರಗಿಗೆ ವಾಪಸ್ ಹೋಗಿಬಿಡಲಾ?
— ಹೆಸರು ಬೇಡ, ಕುಂದಾಪುರ

ಉತ್ತರ: ಸ್ವಭಾವದ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ಹನ್ನೊಂದು ವರ್ಷ ಮಕ್ಕಳು, ಪೋಷಕರು, ಸ್ಟಾಫ್ ರೂಮು ಎಲ್ಲವನ್ನೂ ನಿಭಾಯಿಸಿದವರಿಗೆ ಜನರ ಜೊತೆ ಬೆರೆಯಲು ಬರುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ನಾಲ್ಕು ತಿಂಗಳಲ್ಲಿ ಯಾರ ಸ್ವಭಾವವೂ ಕೆಡುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ನೋವು ಬೆರೆತುಹೋಗಿವೆ. ಊರು ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಅನ್ನುವುದು ಒಂದು. ಅದನ್ನು ವಿವರವಾಗಿ ಬರೆದಿದ್ದೀರಿ. ಅಲ್ಲಿ 'ಟೀಚರ್' ಆಗಿದ್ದವರು ಇಲ್ಲಿ 'ಬ್ಯಾಂಕಿನವರ ಮನೆಯವರು' ಆಗಿದ್ದೀರಿ ಅನ್ನುವುದು ಇನ್ನೊಂದು. ಅದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ನನಗೆ ಈ ಎರಡನೆಯದೇ ದೊಡ್ಡದಾಗಿ ಕಂಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಉಡುಪಿ ಜಿಲ್ಲೆಯಲ್ಲಿ ಆಪ್ತ ಸಮಾಲೋಚಕಿ. ಪ್ರತಿ ವರ್ಷ ಮಳೆಗಾಲದ ಕೊನೆಗೆ ಇಂಥ ಮಾತು ಕೇಳುವುದು ಜಾಸ್ತಿ. ಬ್ಯಾಂಕಿನವರು, ಪೊಲೀಸರು, ಮೆಸ್ಕಾಂನವರು, ಲೆಕ್ಚರರ್‌ಗಳು, ಇವರ ಮನೆಯವರು ಬರುತ್ತಾರೆ. ವರ್ಗಾವಣೆ ಆಗುವುದು ಶಾಲೆಗೆ ರಜೆ ಇರುವಾಗ, ಸಾಮಾನು ಇಳಿಯುವುದು ಜೂನ್‌ನಲ್ಲಿ. ಕರಾವಳಿಗೆ ಹೊಸದಾಗಿ ಬರುವವರಿಗೆ ಅದಕ್ಕಿಂತ ಕೆಟ್ಟ ತಿಂಗಳು ಇನ್ನೊಂದಿಲ್ಲ. ಕಲಬುರಗಿಯಲ್ಲಿ ವರ್ಷಕ್ಕೆ 700–800 ಮಿಲಿಮೀಟರ್ ಮಳೆ ಬಂದರೆ, ಉಡುಪಿ ಜಿಲ್ಲೆಯಲ್ಲಿ ಸುಮಾರು 4,000. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಆ ನಾಲ್ಕು ತಿಂಗಳು ಇಲ್ಲಿಯವರೇ ಒಬ್ಬರ ಮುಖ ಇನ್ನೊಬ್ಬರು ನೋಡುವುದು ಕಮ್ಮಿ. ಯಕ್ಷಗಾನ ಮೇಳಗಳ ಬಯಲಾಟ ಇಲ್ಲ, ಜಾತ್ರೆ ಇಲ್ಲ, ಮದುವೆ ಅಪರೂಪ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೇ ಇಳಿಯುವಂತಿಲ್ಲ. ಊರು ಬಾಗಿಲು ಹಾಕಿಕೊಂಡು ಕೂತಿದ್ದ ಕಾಲದಲ್ಲಿ ನೀವು ಊರನ್ನು ನೋಡಿದ್ದೀರಿ.

ಮನೆಗಳು ಇರುವ ರೀತಿಯೂ ಬೇರೆ. ಕಲಬುರಗಿಯ ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು. ಸಂಜೆ ಕಟ್ಟೆಯ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರೆ ಸಾಕು, ಹೋಗುವವರು ಬರುವವರೆಲ್ಲ ನಿಂತು ನಾಲ್ಕು ಮಾತಾಡುತ್ತಾರೆ. ಯಾರೂ ಯಾರನ್ನೂ 'ಕರೆಯಬೇಕಾಗಿಲ್ಲ'. ಕರಾವಳಿಯಲ್ಲಿ ಮನೆಗಳು ಚದುರಿಕೊಂಡಿವೆ. ಒಂದೊಂದಕ್ಕೂ ಅದರದೇ ಹಿತ್ತಲು, ನಾಲ್ಕು ತೆಂಗಿನಮರ, ಬಾವಿ, ಕಾಂಪೌಂಡು. ಪೇಟೆಯೊಳಗೂ ಈ ಅಭ್ಯಾಸ ಪೂರ್ತಿ ಹೋಗಿಲ್ಲ. ನಿಮ್ಮ ಬಾಗಿಲ ಮುಂದೆ ಆಕಸ್ಮಿಕವಾಗಿ ಹಾದುಹೋಗುವವರೇ ಇಲ್ಲ. ಬರಬೇಕಾದರೆ ಗೇಟು ತೆಗೆದು, ಅಂಗಳ ದಾಟಿ, ಏನೋ ಕಾರಣ ಇಟ್ಟುಕೊಂಡೇ ಬರಬೇಕು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಗಳಲ್ಲಿ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಮಾಡಿ 1950ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ. ಜನ ಗೆಳೆಯರಾದದ್ದು ಹೆಚ್ಚಾಗಿ ಪಕ್ಕದ ಬಾಗಿಲಿನವರ ಜೊತೆ. ಮೆಟ್ಟಿಲ ಬುಡದಲ್ಲಿ ಮನೆ ಸಿಕ್ಕವರಿಗೆ ಮಹಡಿಯವರ ಗೆಳೆತನವೂ ಸಿಕ್ಕಿತ್ತು. ನೀವು ಕಳೆದುಕೊಂಡದ್ದರಲ್ಲಿ ಆ ಕಟ್ಟೆಯೂ ಒಂದು.

ಇನ್ನು 'ಸಣ್ಣ ಊರಿನಲ್ಲಿ ಜನ ಬೇಗ ಹತ್ತಿರವಾಗುತ್ತಾರೆ' ಅನ್ನುವ ನಂಬಿಕೆ. ವರ್ಗವಾಗಿ ಬರುವವರೆಲ್ಲ ಇದನ್ನು ಇಟ್ಟುಕೊಂಡೇ ಬರುತ್ತಾರೆ. ನಾನು ಕಂಡ ಮಟ್ಟಿಗೆ ಇದು ಸುಳ್ಳು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅರ್ಧಕ್ಕರ್ಧ ಜನ ಹೊರಗಿನಿಂದ ಬಂದವರು, ಎಲ್ಲರಿಗೂ ಜೊತೆ ಬೇಕು. ಕುಂದಾಪುರ ಪಟ್ಟಣದ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 30 ಸಾವಿರ. ಇಲ್ಲಿ ಬಹಳ ಜನರಿಗೆ ಸುತ್ತಮುತ್ತಲ ಹಳ್ಳಿಗಳಲ್ಲೇ ತವರು, ಅತ್ತೆಮನೆ, ಮೂಲಮನೆ. ಮಕ್ಕಳೋ ತಮ್ಮಂದಿರೋ ಬೆಂಗಳೂರು, ಮುಂಬೈಗಳಲ್ಲಿ ಹೋಟೆಲು, ಉದ್ಯೋಗ ಅಂತ ಇರುತ್ತಾರೆ. ಊರಲ್ಲಿ ಉಳಿದವರ ಮೇಲೆ ಇಡೀ ಕುಟುಂಬದ ಓಡಾಟ ಬೀಳುತ್ತದೆ: ನಾಗನ ಪೂಜೆ, ಹರಕೆಯ ಆಟ (ಯಕ್ಷಗಾನ), ಸೀಮಂತ, ಉತ್ತರಕ್ರಿಯೆ, ಆಸ್ಪತ್ರೆ. ನಿಮ್ಮ ಪಕ್ಕದ ಮನೆಯಾಕೆಗೆ ಬಿಡುವಾದ ಭಾನುವಾರ ಅಂತ ಒಂದಿದ್ದರೆ ಆಕೆ ಮಲಗುತ್ತಾಳೆ. ನಿಮಗೆ ಗೆಳತಿ ಬೇಕು, ಆಕೆಗೆ ಈಗಾಗಲೇ ಇರುವವರೇ ಜಾಸ್ತಿ. ಇದು ಕಹಿ ಮಾತು. ಆದರೆ 'ನನ್ನನ್ನು ಕಂಡರಾಗದು' ಅನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಮಾತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮಗೆ ಜಾಸ್ತಿ ಚುಚ್ಚಿರುವುದು ಅದೇ. ಈ ಊರಿನವರು ಮನೆಯೊಳಗೆ ಆಡುವುದು ಕುಂದಾಪ್ರ ಕನ್ನಡ, ಇಲ್ಲವೇ ಕೊಂಕಣಿ, ಕೆಲವರು ತುಳು, ಉರ್ದು. ಹೊರಗಿನವರು ಎದುರಾದರೆ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಜಾರುತ್ತಾರೆ. 'ಬನ್ನಿ, ಕುಳಿತುಕೊಳ್ಳಿ, ಏನು ಸಮಾಚಾರ' ಅಂತ. ಅವರ ಲೆಕ್ಕದಲ್ಲಿ ಅದು ಮರ್ಯಾದೆ. 'ಬರ್ರಿ, ಕೂಡ್ರಿ, ಚಾ ಕುಡೀರಿ' ಕೇಳಿ ಬೆಳೆದ ನಿಮ್ಮ ಕಿವಿಗೆ ಅದು ಕಚೇರಿಯ ನೋಟಿಸಿನಂತೆ ತಣ್ಣಗಿರುತ್ತದೆ. ಇತ್ತ ನಿಮ್ಮ ದನಿ ಅವರಿಗೆ ಸ್ವಲ್ಪ ಗಟ್ಟಿಯಾಗಿ, ಜಗಳಕ್ಕೆ ನಿಂತ ಹಾಗೆ ಕೇಳಿಸಬಹುದು. ನೀವು ಬಂದಾಗ ಮಾತು ನಿಲ್ಲುವುದಕ್ಕೆ ಬಹಳ ಸಲ ಕಾರಣ ಇಷ್ಟೇ: ಭಾಷೆ ಬದಲಾಯಿಸಲು ಒಂದು ಕ್ಷಣ ಬೇಕು, ಬದಲಾಯಿಸಿದ ಮೇಲೆ ಆ ಹರಟೆಗೆ ರುಚಿ ಇರುವುದಿಲ್ಲ.

ಎಲ್ಲವೂ ಇಷ್ಟು ಮುಗ್ಧ ಅಂತ ಹೇಳಲಾರೆ. ಘಟ್ಟದ ಮೇಲಿನಿಂದ, ಅದರಲ್ಲೂ ಉತ್ತರ ಕರ್ನಾಟಕದಿಂದ, ಕಟ್ಟಡ, ರಸ್ತೆ ಕೆಲಸಕ್ಕೆ ಬರುವ ಕೂಲಿಯವರು ಕರಾವಳಿಯಲ್ಲಿ ಬಹಳ. 'ಘಟ್ಟದವರು' ಅನ್ನುವಾಗ ಕೆಲವರ ದನಿಯಲ್ಲಿ ತಾತ್ಸಾರ ಇರುತ್ತದೆ. ನಿಮ್ಮ ಮಾತು ಕಿವಿಗೆ ಬಿದ್ದ ತಕ್ಷಣ ಅದೇ ತಾತ್ಸಾರ ನಿಮ್ಮ ಕಡೆಗೂ ಒಂದಿಷ್ಟು ಹರಿಯಬಹುದು. (ಆ ಕೂಲಿಯವರ ಒಂಟಿತನದ ಬಗ್ಗೆ ನನಗೆ ಇದುವರೆಗೆ ಯಾರೂ ಪತ್ರ ಬರೆದಿಲ್ಲ.) ಅಂಥ ನಗು ಕಂಡರೆ ನೀವು ಅದನ್ನು ಸಹಿಸಿಕೊಂಡು ಒಳ್ಳೆಯವರಾಗಬೇಕಾಗಿಲ್ಲ. 'ಯಾಕ್ರೀ, ನಗೋದೇನೈತಿ?' ಅಂತ ನಗುತ್ತಲೇ ಕೇಳಿ. ಹೆಚ್ಚಿನವರು ನಾಚುತ್ತಾರೆ. ತಮ್ಮ ಕುಂದಾಪ್ರ ಕನ್ನಡಕ್ಕೆ ಬೆಂಗಳೂರಿನಲ್ಲಿ ಜನ ನಕ್ಕ ಕಥೆ ಅವರಲ್ಲೂ ಇರುತ್ತದೆ, ಅದನ್ನೂ ಹೇಳಿಕೊಳ್ಳುತ್ತಾರೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಅವರ ಹಾಗೆ ಮಾತಾಡಲು ಬಲವಂತವಾಗಿ ಹೋಗಬೇಡಿ. 'ಹ್ವಾಯ್, ಎಂತ ಮಾರಾಯ್ರೆ' ಅಂತ ನಾಲಗೆ ತಿರುಗಿಸಿದವರಿಗೇ ಜಾಸ್ತಿ ನಗು ಬೀಳುವುದನ್ನು ನೋಡಿದ್ದೇನೆ. ಅರ್ಥ ಮಾಡಿಕೊಳ್ಳಲು ಕಲಿಯಿರಿ, ಆಡುವುದು ನಿಮ್ಮದೇ ಇರಲಿ. ಮಗನ ವಿಷಯಕ್ಕೂ ಇದೇ. 'ನಾ ಆಡುಕ್ ಹೋತೆ' ಅಂತ ಅವನು ಓಡುವುದು ಒಳ್ಳೆಯ ಲಕ್ಷಣ, ಅವನು ನೆಲೆ ನಿಲ್ಲುತ್ತಿದ್ದಾನೆ. ಮಕ್ಕಳು ಎರಡು ನಮೂನೆ ಕನ್ನಡವನ್ನು ಸಲೀಸಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಅಂಗಡಿಯಲ್ಲಿ ಸೆರಗು ಜಗ್ಗಿದಾಗ ಸುಮ್ಮನಾಗಬೇಡಿ, ಅವನಿಂದ ಮಾತಾಡಿಸಲೂ ಬೇಡಿ. ನಿಮ್ಮ ಮಾತು ಮುಗಿಸಿ, ಸಾಮಾನು ತೆಗೆದುಕೊಂಡು ಬನ್ನಿ. ಅಜ್ಜಿ ಮಾತಾಡುವ ಭಾಷೆ ನಾಚಿಕೆಯದು ಅಂತ ಅವನು ಕಲಿತರೆ ಅದು ಕುಂದಾಪುರದ ತಪ್ಪಾಗುವುದಿಲ್ಲ, ನಿಮ್ಮ ಸುಮ್ಮನಿರುವಿಕೆಯಿಂದ ಕಲಿತದ್ದಾಗುತ್ತದೆ.

ಈಗ 'ಎಂತ ಜನ'. ಇದು ಜಾತಿಯ ಪ್ರಶ್ನೆ, ಸುತ್ತು ಬಳಸುವುದು ಬೇಡ. ಆದರೆ ಕೇಳುವವರೆಲ್ಲ ಒಂದೇ ಕಾರಣಕ್ಕೆ ಕೇಳುವುದಿಲ್ಲ. ಸಣ್ಣ ಊರಿನಲ್ಲಿ ಜನ ಮೊದಲು ಇಷ್ಟಪಟ್ಟು ಆಮೇಲೆ ಹತ್ತಿರ ಬರುವುದಿಲ್ಲ. ಇವರನ್ನು ಎಲ್ಲಿ ಇಡುವುದು, ಯಾವುದರ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುವುದು ಅಂತ ಮೊದಲು ಗೊತ್ತಾಗಬೇಕು. ಯಾರ ಮಗಳು, ಯಾವ ಮನೆ, ಯಾರ ಪೈಕಿ ಅಂತ ಹುಡುಕುತ್ತಾರೆ. ಕಲಬುರಗಿಯ ಮನೆತನದ ಹೆಸರು ಹೇಳಿದರೆ ಇಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಗ ಉಳಿಯುವ ಅತಿ ಸುಲಭದ ಗುರುತು ಜಾತಿ. ಇನ್ನು ಕೆಲವರು ನೀರು, ಊಟ, ಮನೆ ಬಾಡಿಗೆ ನಿರ್ಧರಿಸಲೆಂದೇ ಕೇಳುತ್ತಾರೆ. ಜಾತಿ ಧರ್ಮ ನೋಡಿ ಮನೆ ಕೊಡದವರು, ಪಂಕ್ತಿಯಿಂದ ಏಳಿಸಿದವರು ಇದ್ದಾರೆ. ದಲಿತ, ಮುಸ್ಲಿಂ ಕುಟುಂಬಗಳಿಗೆ ನಾನು 'ಅವರು ಸುಮ್ನೆ ಕೇಳಿದ್ದು, ಬೇಸರ ಮಾಡ್ಕೋಬೇಡಿ' ಅಂತ ಯಾವತ್ತೂ ಹೇಳುವುದಿಲ್ಲ. ಅದು ಹೊಂದಿಕೊಳ್ಳುವ ಸಮಸ್ಯೆಯಲ್ಲ, ಅನ್ಯಾಯ. ನೀವು ಯಾವ ಜಾತಿ ಅಂತ ಪತ್ರದಲ್ಲಿ ಬರೆದಿಲ್ಲ, ನನಗೂ ಬೇಕಾಗಿಲ್ಲ. ಆ ಹಿರಿಯರಿಗೂ ಹೇಳಲೇಬೇಕೆಂದಿಲ್ಲ. 'ನಾವು ಕಲಬುರಗಿ ಕಡೆಯವರು. ನಾನು ಗಣಿತದ ಟೀಚರ್' ಅಂತ ಹೇಳಿ. ನೆನಪಿಟ್ಟುಕೊಳ್ಳಲು ಬೇರೆ ಗುರುತು ಕೊಡಿ. ಅಷ್ಟಕ್ಕೇ ತೃಪ್ತಿಯಾಗುವವರು ನಿಮ್ಮ ಎಣಿಕೆಗಿಂತ ಜಾಸ್ತಿ ಇರುತ್ತಾರೆ. ಮತ್ತೆ ಮತ್ತೆ ಅದನ್ನೇ ಕೆದಕುವವರನ್ನು ದೂರ ಇಟ್ಟರೆ ನಷ್ಟವೇನೂ ಇಲ್ಲ.

ಇಲ್ಲಿಗೆ ನನ್ನ ಮುಖ್ಯ ಸಲಹೆಗೆ ಬಂದ ಹಾಗಾಯಿತು. ನೀವು ಈಗ ಹುಡುಕುತ್ತಿರುವುದು ಗೆಳತಿಯನ್ನು. ಅದನ್ನು ಸ್ವಲ್ಪ ಬದಿಗಿಟ್ಟು, ಈ ಊರಿನಲ್ಲಿ ನಿಮಗೊಂದು ಕೆಲಸ ಹುಡುಕಿ.

ರಾಬರ್ಟ್ ವೈಸ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಒಂಟಿತನವನ್ನು ಎರಡಾಗಿ ನೋಡಿದ್ದರು. ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಇಲ್ಲದಿರುವುದು ಒಂದು. ಗುಂಪೊಂದರಲ್ಲಿ ನಮಗೊಂದು ಸ್ಥಾನ ಇಲ್ಲದಿರುವುದು ಇನ್ನೊಂದು. ಒಂದನ್ನು ಕೊಟ್ಟು ಇನ್ನೊಂದನ್ನು ತುಂಬಿಸಲು ಆಗುವುದಿಲ್ಲ ಅನ್ನುವುದು ಅವರ ಮಾತು. ನಿಮ್ಮ ಕೊರತೆ ಎರಡನೆಯದು. ಅದಕ್ಕೇ ಯಜಮಾನರು ಎಷ್ಟು ಒಳ್ಳೆಯವರಿದ್ದರೂ, ತಂಗಿಗೆ ದಿನಾ ಒಂದು ಗಂಟೆ ಫೋನ್ ಮಾಡಿದರೂ, ಫೋನ್ ಇಟ್ಟ ಮೇಲೆ ಮನೆ ಅಷ್ಟೇ ಖಾಲಿ. ಯಜಮಾನರಿಗೆ ಇದು ಅರ್ಥವಾಗದಿರುವುದರಲ್ಲಿ ಆಶ್ಚರ್ಯವಿಲ್ಲ. ಅವರು ಬಂದ ಮೊದಲ ದಿನವೇ ಕುರ್ಚಿ, ಸಹಿ, ಹೊಸ ಸಹೋದ್ಯೋಗಿಗಳು ಎಲ್ಲ ಸಿದ್ಧವಾಗಿತ್ತು. 'ನನಗೆ ಬೇಜಾರು' ಅಂದರೆ ಅವರು ಭಾನುವಾರ ಮರವಂತೆ ಬೀಚಿಗೆ ಕರೆದುಕೊಂಡು ಹೋಗುತ್ತಾರೆ, ಅಷ್ಟೇ. 'ಬ್ರಾಂಚಿಗೆ ಬರುವವರಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹುಡುಕುತ್ತಿರುವವರಿದ್ದರೆ ನನ್ನ ಹೆಸರು ಹೇಳಿ' ಅನ್ನಿ. ಮಾಡಬಹುದಾದ ಕೆಲಸ ಸಿಕ್ಕರೆ ಗಂಡಸರು ಸಮಾಧಾನದ ಮಾತಿಗಿಂತ ಚೆನ್ನಾಗಿ ಸಹಾಯ ಮಾಡುತ್ತಾರೆ.

ಟ್ಯೂಷನ್ ಸುಮ್ನೆ ಹೇಳಿದ್ದಲ್ಲ. ಈ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಬಹಳ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. 2024ರಲ್ಲಿ ಉಡುಪಿಯೇ ರಾಜ್ಯಕ್ಕೆ ಮೊದಲು. ದಸರಾ ರಜೆ ಮುಗಿದ ಮೇಲೆ ಹತ್ತನೇ ಕ್ಲಾಸಿನ ತಾಯಂದಿರಿಗೆ ಗಣಿತದ್ದೇ ಚಿಂತೆ. ನಾಲ್ಕೈದು ಮಕ್ಕಳಿಂದ ಶುರು ಮಾಡಿ. ಮಕ್ಕಳು ಎರಡು ದಿನ ನಿಮ್ಮ ಮಾತಿಗೆ ನಗಬಹುದು, ಮೂರನೇ ದಿನ ಲೆಕ್ಕ ಬಿಡಿಸುತ್ತಾರೆ. ಕರೆದೊಯ್ಯಲು ಬರುವ ತಾಯಂದಿರು ಗೇಟಿನಲ್ಲಿ ನಿಲ್ಲುತ್ತಾರೆ. ಆ ಐದು ನಿಮಿಷ ನಿಮ್ಮ ಕಟ್ಟೆ. ಆರು ತಿಂಗಳಲ್ಲಿ ಪೇಟೆಯಲ್ಲಿ ಯಾರಾದರೂ 'ಟೀಚರ್' ಅಂತ ಕೂಗದಿದ್ದರೆ ನನಗೆ ಆಶ್ಚರ್ಯವಾಗುತ್ತದೆ. ತೊಂದರೆಗಳೂ ಇವೆ. ಅಂಕ ಕಮ್ಮಿ ಬಂದರೆ ಸಣ್ಣ ಊರಿನಲ್ಲಿ ಮಾತು ಬೇಗ ಹರಡುತ್ತದೆ. ಅಕ್ಕಪಕ್ಕದವರ ಹತ್ತಿರ ಫೀಸು ಕೇಳುವುದು ಮುಜುಗರ, ಮೊದಲೇ ಹೇಳಿಬಿಡಿ. ಅದೇ ಬೀದಿಯಲ್ಲಿ ಮೊದಲಿಂದ ಟ್ಯೂಷನ್ ಮಾಡುವವರಿದ್ದರೆ ಅವರನ್ನು ಮೊದಲು ಭೇಟಿಯಾಗಿ, ಇಲ್ಲದಿದ್ದರೆ ಶುರುವಿನಲ್ಲೇ ಒಬ್ಬ ವಿರೋಧಿ. ಶಾಲೆಯಲ್ಲೇ ಕಲಿಸುವ ಆಸೆ ಇದ್ದರೆ ಖಾಸಗಿ ಶಾಲೆಗಳಿಗೆ ಈಗಲೇ ಅರ್ಜಿ ಕೊಟ್ಟಿಡಿ. ಹೆರಿಗೆ ರಜೆಗೆ ಹೋಗುವವರ ಜಾಗಕ್ಕೆ ವರ್ಷದ ನಡುವೆ ಕರೆಯುವುದುಂಟು. ಸಂಬಳ ಕಲಬುರಗಿಯದಕ್ಕಿಂತ ಕಮ್ಮಿ ಇರಬಹುದು. ನಿಮಗೆ ಈಗ ಸಂಬಳಕ್ಕಿಂತ ಸ್ಟಾಫ್ ರೂಮು ಮುಖ್ಯ.

ಕೆಲಸ ಬೇಡ ಅನ್ನಿಸಿದರೆ ವಾರಕ್ಕೊಮ್ಮೆ ಒಂದೇ ಹೊತ್ತು, ಒಂದೇ ಜಾಗ, ಅದೇ ಜನ ಸೇರುವ ಏನಾದರೂ ಆಗಬಹುದು. ಭಜನಾ ಮಂಡಳಿ, ಮಹಿಳಾ ಮಂಡಲ, ಮಗನ ಜೊತೆ ಯಕ್ಷಗಾನದ ತರಗತಿ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತತೆಗೆ 200 ಗಂಟೆಗೂ ಹೆಚ್ಚು. ಅಮೆರಿಕದ ಲೆಕ್ಕ ನಮಗೆ ಅಚ್ಚುಕಟ್ಟಾಗಿ ಹೊಂದಬೇಕೆಂದಿಲ್ಲ. ಆದರೂ ಗಣಿತದ ಟೀಚರ್ ನೀವು, ಗುಣಿಸಿ ನೋಡಿ. ಗೇಟಿನ ಎರಡು ನಿಮಿಷದ ನಗು ಎಷ್ಟು ವರ್ಷಕ್ಕೆ 50 ಗಂಟೆ ಆಗುತ್ತದೆ? ವಾರಕ್ಕೆ ಎರಡು ಗಂಟೆ ಸೇರಿದರೆ ಆರು ತಿಂಗಳಿಗೆ ಆಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಸ್ವಸಹಾಯ ಸಂಘಕ್ಕೆ ಸೇರಿ ಅಂತ ಯಾರಾದರೂ ಹೇಳುತ್ತಾರೆ. ವಾರದ ಸಭೆ ಒಳ್ಳೆಯದೇ, ಆದರೆ ಅದು ಉಳಿತಾಯ, ಸಾಲದ ಸಂಘ. ಒಬ್ಬರ ಕಂತು ತಪ್ಪಿದರೆ ಇಡೀ ಗುಂಪಿನ ಮೇಲೆ ಒತ್ತಡ ಬರುತ್ತದೆ. ಬರೀ ಜೊತೆಗೋಸ್ಕರ ಸಾಲದ ಹೊಣೆ ಹೊರಬೇಡಿ. ಇನ್ನು ಕೆಲವು ಮಂಡಳಿಗಳಿಗೆ ಪಕ್ಷದ, ಸಂಘಟನೆಯ ಬಣ್ಣ ಇರುತ್ತದೆ, ಕರಾವಳಿಯಲ್ಲಿ ಇದು ಸ್ವಲ್ಪ ಜಾಸ್ತಿಯೇ. ನಾಲ್ಕು ಸಲ ಹೋಗಿ ನೋಡಿ, ಆಮೇಲೆ ಹೆಸರು ಬರೆಸಿ.

ಅಕ್ಕಪಕ್ಕದವರ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಕೊಡಲು ಹೋಗುತ್ತಾರೆ. ತಟ್ಟೆ ತುಂಬ ಹೋಳಿಗೆ, ಡಬ್ಬಿ ತುಂಬ ಶೇಂಗಾ ಹಿಂಡಿ. ಒಮ್ಮೆಲೇ ಅಷ್ಟು ಬಂದರೆ ಎದುರಿನವರಿಗೆ 'ಇದನ್ನು ತೀರಿಸುವುದು ಹೇಗೆ' ಅಂತ ಭಾರ. ಮೊದಲು ಕೇಳಿ. ಇಲ್ಲಿಯ ಹಿತ್ತಲುಗಳಲ್ಲಿ ಬಸಳೆ ಚಪ್ಪರ ಇದ್ದೇ ಇರುತ್ತದೆ. 'ನಂಗೂ ಒಂದು ಬಸಳೆ ದಂಟು ಕೊಡ್ತೀರಾ, ನೆಡ್ತೀನಿ' ಅಂತ ಪಕ್ಕದವರ ಹತ್ತಿರ ಹೋಗಿ. ಬರೀ ದಂಟು ಬರುವುದಿಲ್ಲ. ಎಷ್ಟು ಗೆಣ್ಣು ಮಣ್ಣಲ್ಲಿ ಹೂಳಬೇಕು, ಯಾವಾಗ ಚಪ್ಪರ ಹಾಕಬೇಕು, ಕುಚ್ಚಲಕ್ಕಿ ಅನ್ನಕ್ಕೆ ಬಸಳೆ ಹುಳಿ ಹೇಗೆ ಅಂತ ಅರ್ಧ ಗಂಟೆಯ ಪಾಠವೂ ಬರುತ್ತದೆ. ಮುಂದಿನ ವಾರ 'ಚಿಗುರಿತಾ?' ಅಂತ ಕೇಳಲು ಆಕೆಗೂ ಒಂದು ನೆಪ ಸಿಗುತ್ತದೆ. ನಮ್ಮಿಂದ ಸಹಾಯ ಪಡೆದವರನ್ನು ನಾವು ಸುಲಭವಾಗಿ ಮರೆಯುವುದಿಲ್ಲ. ಎಳ್ಳಮಾವಾಸ್ಯೆಗೆ ನೀವು ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಮಾಡುತ್ತೀರಲ್ಲ, ಆಗ ಎರಡು ಮನೆಗೆ ಮಾತ್ರ ಕಳಿಸಿ. ಇಡೀ ಬೀದಿಗೆ ಬೇಡ.

ಉತ್ತರ ಕರ್ನಾಟಕದವರ ಸಣ್ಣ ಬಳಗ ಇಲ್ಲೂ ಸಿಗುತ್ತದೆ, ಬ್ಯಾಂಕು ಇಲಾಖೆಗಳಲ್ಲಿ. ಹೋಗಿ. ತಿಂಗಳಿಗೊಮ್ಮೆ ಮನಸಾರೆ ನಿಮ್ಮ ಮಾತಾಡಿ, ಜೋಳದ ರೊಟ್ಟಿ ತಿಂದು ಬಂದರೆ ಜೀವಕ್ಕೆ ತಂಪು. ಬರೀ ಊರನ್ನು ಬೈಯುವ ಕೂಟವಾದರೆ ಮಾತ್ರ ಎಚ್ಚರ. ಅಲ್ಲಿಂದ ಬಂದ ರಾತ್ರಿ ಹಗುರ ಅನ್ನಿಸುತ್ತದೆ, ಬೆಳಿಗ್ಗೆ ಗೇಟು ತೆಗೆಯಲು ಇನ್ನೂ ಕಷ್ಟವಾಗುತ್ತದೆ.

ಮದುವೆಗೆ ಖಂಡಿತ ಹೋಗಿ. ಕಾಗದ ಹಂಚುವವರು ದಿನಕ್ಕೆ ಎಷ್ಟೋ ಮನೆ ಮುಗಿಸಬೇಕು, ಗೇಟಿನಲ್ಲಿ ಕೊಟ್ಟರೆ ಅವಮಾನ ಅಂತ ತಿಳಿಯಬೇಡಿ. ಊಟದ ಎಲೆ ಲೆಕ್ಕ ಹಾಕಿಯೇ ಕಾಗದ ಕೊಡುತ್ತಾರೆ, ನಿಮ್ಮ ಮೂರು ಎಲೆ ಆ ಲೆಕ್ಕದಲ್ಲಿದೆ. ಮೂವರೂ ಹೋಗಿ. ಊಟದ ಹೊತ್ತಿಗೆ ಹೋಗಿ ಊಟ ಮುಗಿಸಿ ಬರಬೇಡಿ, ಮುಹೂರ್ತಕ್ಕೆ ಮೊದಲೇ ಹೋಗಿ ನಿಮ್ಮ ಬೀದಿಯ ಹೆಂಗಸರು ಇರುವ ಸಾಲಿನಲ್ಲಿ ಕೂರಿ. 'ಹುಡುಗ ಎಲ್ಲಿಯವರು?' ಅಂತ ಒಂದು ಪ್ರಶ್ನೆ ಸಾಕು, ಎರಡು ಕುಟುಂಬದ ಚರಿತ್ರೆ ಬರುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ಮೆಹಂದಿ ಇದ್ದು 'ಅದಕ್ಕೂ ಬನ್ನಿ' ಅಂದರೆ ಅದನ್ನು ತಪ್ಪಿಸಲೇಬೇಡಿ. ಹಾಲ್‌ನಲ್ಲಿ ಊರೆಲ್ಲ ಇರುತ್ತದೆ, ಮೆಹಂದಿಗೆ ನೆರೆಹೊರೆಯವರು, ಹತ್ತಿರದವರು ಇರುತ್ತಾರೆ. ಮನೆಗೆ ಬಂದ ಮೇಲೆ 'ನಾನು ಜಾಸ್ತಿ ಮಾತಾಡಿದೆನಾ, ಅವರಿಗೆ ಬೇಸರವಾಯಿತಾ' ಅಂತ ಮನಸ್ಸು ತಿರುವಿ ಹಾಕುತ್ತದೆ. ಹೊಸಬರ ಜೊತೆ ಮಾತಾಡಿ ಬಂದವರು ತಮ್ಮನ್ನು ಎದುರಿನವರು ಎಷ್ಟು ಇಷ್ಟಪಟ್ಟರು ಅನ್ನುವುದನ್ನು ನಿಜಕ್ಕಿಂತ ಕಡಿಮೆ ಎಣಿಸುತ್ತಾರೆ ಅಂತ 2018ರ ಒಂದು ಅಧ್ಯಯನ ತೋರಿಸಿದೆ. ಆ ರಾತ್ರಿಯ ಲೆಕ್ಕವನ್ನು ನಂಬಬೇಡಿ.

ಮಳೆ ಈಗ ಹಿಂದಾಗುತ್ತಿದೆ. ದೀಪಾವಳಿ ಆದ ಮೇಲೆ ದೇವಸ್ಥಾನಗಳಲ್ಲಿ ದೀಪೋತ್ಸವ, ಕೋಟೇಶ್ವರದ ಕೊಡಿ ಹಬ್ಬ, ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟ. ಹರಕೆ ಆಟಕ್ಕೆ ಯಾರೂ ಕರೆಯಬೇಕಾಗಿಲ್ಲ, ಟಿಕೆಟ್ಟೂ ಇಲ್ಲ. ಚಾಪೆ ಒಯ್ದು ಕೂತರೆ ಆಯಿತು. ಎರಡು ಗಂಟೆ ನೋಡಿ ಎದ್ದು ಬಂದರೂ ಯಾರೂ ಏನೂ ಅನ್ನುವುದಿಲ್ಲ.

ಒಂದು ವಿಷಯ ಸಲೀಸಾಗಿ ತೆಗೆದುಕೊಳ್ಳಬೇಡಿ. ಸಂಜೆ ಅಳು ಬರುವುದು ನಿಮ್ಮ ಪರಿಸ್ಥಿತಿಯಲ್ಲಿ ಅಸಹಜವೇನಲ್ಲ. ಆದರೆ ಎರಡು ವಾರ ಬಿಡದೆ, ದಿನದ ಹೆಚ್ಚು ಹೊತ್ತು ಮಂಕು ಕವಿದಿದ್ದರೆ, ನಿದ್ದೆ ಹಸಿವು ಕೆಟ್ಟರೆ, ಮಗನ ಆಟದಲ್ಲೂ ಸಂತೋಷ ಕಾಣದಿದ್ದರೆ ಅದು ಒಂಟಿತನ ದಾಟಿ ಖಿನ್ನತೆಯ ಕಡೆ ಹೋಗಿದೆ ಅಂತ ತಿಳಿಯಿರಿ. ಬದುಕೇ ಬೇಡ ಅನ್ನುವ ಯೋಚನೆ ಒಂದೇ ಸಲ ಬಂದರೂ ಕಾಯಬೇಡಿ. ಆಗ ಭಜನೆ, ಬಸಳೆ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೋವೈದ್ಯರನ್ನು ನೋಡಿದರೆ ಊರಿಗೆ ಗೊತ್ತಾಗುತ್ತದೆ ಅನ್ನುವ ಅಂಜಿಕೆ ಸಣ್ಣ ಊರಿನಲ್ಲಿ ಇರುವುದೇ. ಹಾಗಿದ್ದರೆ ಮಣಿಪಾಲಕ್ಕೋ ಉಡುಪಿಗೋ ಹೋಗಿ, ಒಂದು ಗಂಟೆಯ ಹಾದಿ.

ಕೊನೆಗೆ, ವಾಪಸ್ ಹೋಗುವುದು. ಅದನ್ನು ಸೋಲು ಅಂತ ನಾನು ಎಣಿಸುವುದಿಲ್ಲ. ಗಂಡ ಒಂದು ಕಡೆ, ಹೆಂಡತಿ ಮಗ ಒಂದು ಕಡೆ ಅಂತ ಬದುಕುವ ಬ್ಯಾಂಕ್ ಕುಟುಂಬಗಳು ಎಷ್ಟೋ ಇವೆ. ಲಾಭ ಸ್ಪಷ್ಟ: ನಿಮ್ಮ ಕೆಲಸ, ನಿಮ್ಮ ಜನ, ಮಗನಿಗೆ ಅಜ್ಜಿ. ನಷ್ಟವೂ ಸ್ಪಷ್ಟ: ಎರಡು ಮನೆಯ ಖರ್ಚು, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರುವ ಯಜಮಾನರು, ಈಗಷ್ಟೇ ಬೇರು ಬಿಟ್ಟ ಮಗನನ್ನು ಮತ್ತೆ ಕೀಳುವುದು. 'ಮೂರು ವರ್ಷ ಅಲ್ವಾ' ಅನ್ನುವ ಮಾತಿನಲ್ಲಿ ಒಂದು ಅಪಾಯ ಇದೆ, ಅದನ್ನು ಯಜಮಾನರಿಗೂ ಓದಿ ಹೇಳಿ. ಹೇಗೂ ಹೋಗುವವರು ಅಂತ ಪೆಟ್ಟಿಗೆ ಬಿಚ್ಚದೆ ಕೂತರೆ ಮೂರು ವರ್ಷವೂ ಹೀಗೇ ಕಳೆಯುತ್ತದೆ, ಮುಂದಿನ ವರ್ಗಾವಣೆಯಲ್ಲೂ ಅದೇ ಆಗುತ್ತದೆ.

ಆದ್ದರಿಂದ ಈಗ ತೀರ್ಮಾನ ಬೇಡ. ಮಳೆಗಾಲದ ಕುಂದಾಪುರ ಒಂದನ್ನೇ ನೋಡಿ ಹೋಗಬೇಡಿ, ಬೇಸಿಗೆಯದನ್ನೂ ನೋಡಿ. ಮಾರ್ಚ್ ಕೊನೆಗೆ ಇಬ್ಬರೂ ಕೂತು ಮಾತಾಡಿ. ಅಷ್ಟರೊಳಗೆ ಟ್ಯೂಷನ್ನೋ ಶಾಲೆಯೋ ಒಂದು ಹಿಡಿದು, ವಾರದ ಒಂದು ಕಡೆ ಬಿಡದೆ ಹೋಗಿ ನೋಡಿರಬೇಕು. ಆಗಲೂ ಮನಸ್ಸು ನಿಲ್ಲದಿದ್ದರೆ, ಮಗನ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಟಿ.ಸಿ. ತೆಗೆಸಿ, ಕಲಬುರಗಿಯ ಶಾಲೆಗೆ ಅಡ್ಮಿಷನ್ ಮಾಡಿಸಿ. ವರ್ಷದ ನಡುವೆ ಎಬ್ಬಿಸುವುದು ಬೇಡ. ಅವನಿಗೆ ಏನನ್ನಿಸುತ್ತದೆ ಅಂತ ಕೇಳಿ, ಆದರೆ 'ನೀನೇ ಹೇಳು, ಹೋಗೋಣ್ವಾ ಇರೋಣ್ವಾ' ಅಂತ ತೀರ್ಮಾನವನ್ನು ಅವನ ತಲೆಗೆ ಕಟ್ಟಬೇಡಿ.